ಬೆನ್ನು ಹತ್ತಿದ ಭಾವ

ಲೋಕದ ಜನ ಕಾಯಿಲೆ ಬಿದ್ದು ಹಾಸಿಗೆ ಹಿಡಿಯುತ್ತಾರೆ. ನಮ್ಮ ಮೆತ್ತಗಣ್ಣ ಹಾಸಿಗೆ ಹಿಡಿದು ಕಾಯಿಲೆ ಬಿದ್ದ.

ಅವನು ಹಾಸಿಗೆ ಅಂಗಡಿಯಲ್ಲಿ ಮಲಗುವ ಕೆಲಸದಲ್ಲಿದ್ದ. ಇದನ್ನು ಕೇಳಿದವರೆಲ್ಲ ಮೊದಲು ಹೊಟ್ಟೆಕಿಚ್ಚು ಪಡುತ್ತಾರೆ. ಆದರೆ ಆ ಕೆಲಸದ ಕಷ್ಟ ಇದ್ದದ್ದು ಮಲಗುವುದರಲ್ಲಲ್ಲ, ಏಳುವುದರಲ್ಲಿ. ಗಿರಾಕಿ ಯಾವ ಹಾಸಿಗೆಗೆ ಬೆರಳು ತೋರಿಸಿದರೂ ಮೆತ್ತಗಣ್ಣ ಬೂಟು ಕಳಚಿ ಅದರ ಮೇಲೆ ಅಂಗಾತ ಬೀಳಬೇಕು, ಕಣ್ಣು ಮುಚ್ಚಬೇಕು, ಸ್ವರ್ಗಕ್ಕೆ ಹೋಗಿಬಂದವನಂತೆ ಮುಗುಳ್ನಗಬೇಕು, ಆಮೇಲೆ ಚಂಗನೆ ಎದ್ದು ನಿಂತು ಬೆಲೆ ಹೇಳಬೇಕು. ಅಂಗಡಿಯ ಬೋರ್ಡಿನ ಮೇಲೆ ಅವನದೇ ನಗುಮುಖದ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ, “ಇಲ್ಲಿ ಮಲಗಿದವರು ನೋವು ಮರೆತು ಏಳುತ್ತಾರೆ.”

ಹೀಗೆ ವರ್ಷಗಟ್ಟಲೆ ಬಿದ್ದೂ ಎದ್ದೂ ಸಂಸಾರ ಸಾಗಿಸಿದ ಮೆತ್ತಗಣ್ಣನ ಕೆಳಬೆನ್ನಿನ ಎಡಭಾಗದಲ್ಲಿ ಒಂದು ಜಾಗ ಕೆಟ್ಟಿತು. ಬೆರಳಿಟ್ಟು ತೋರಿಸಬಹುದಾದಷ್ಟು ಸಣ್ಣ ಜಾಗ. ಅಲ್ಲಿಂದ ಒಂದು ಕಾದ ತಂತಿ ತೊಡೆಯ ಹಿಂದಿನಿಂದ ಹಿಮ್ಮಡಿಯವರೆಗೆ ಇಳಿಯುತ್ತಿತ್ತು. ಅಂದಿನಿಂದ ಅವನಿಗೆ ಹೆದರಿಕೆಯೇ ಉದ್ಯೋಗವಾಯಿತು. ಕೂರಲು ಹೆದರಿಕೆ, ಕೂತರೆ ಏಳಲು ಹೆದರಿಕೆ. ಬಿದ್ದ ಪೆನ್ನು ನೆಲದಲ್ಲೇ ಇರಲಿ ಎಂಬ ವೈರಾಗ್ಯ. ಎಲ್ಲಕ್ಕಿಂತ ದೊಡ್ಡ ಭಯ ಸೀನಿನದು. ಒಂದು ಸೀನು ಬಂದರೆ ಸಾಕು, ಅಂಗಡಿಯಲ್ಲೇ ದೊಡ್ಡ ಸೀನು. ಹತ್ತಿಯ ನಡುವೆ ದುಡಿಯುವವನು ಸೀನಿಗೆ ಹೆದರುವುದೆಂದರೆ ಮೀನು ನೀರಿಗೆ ಹೆದರಿದ ಹಾಗೆ.

ನೋವು ಇದ್ದರೆ ಇರಲಿ, ಹೇಳಿಕೊಂಡು ಅಳಬಹುದಿತ್ತು. ಹೇಳಿಕೊಳ್ಳುವಂತಿರಲಿಲ್ಲ. ಅಂಗಡಿಯ ಸಾಹುಕಾರರು ಅವನ ಹೆಂಡತಿಯ ಅಣ್ಣ. ಆದ್ದರಿಂದ ಅವರು ಇವನಿಗೆ ಭಾವ. ಇವನು ಅವರ ತಂಗಿಯ ಗಂಡ. ಆದ್ದರಿಂದ ಇವನೂ ಅವರಿಗೆ ಭಾವ. ಕರೆಯುವ ಹೆಸರು ಒಂದೇ, ಸಂಬಳ ಕೊಡುವ ಕೈ ಒಂದು, ಚಾಚುವ ಕೈ ಇನ್ನೊಂದು. ಸಾಹುಕಾರರು ಬಾಗಿಲಗಲದ ಆಳು. ಗಾದಿ ಮಾರುವವರು ಊರಲ್ಲಿ ಹಲವರಿದ್ದರೂ ಗಾದಿಯ ಮೇಲೆ ಕೂತವರು ಇವರೊಬ್ಬರೇ ಎಂಬ ಠೀವಿ. ಅವರ ಒಂದು ಸಿದ್ಧಾಂತ ಅಂಗಡಿಯಲ್ಲಿ ಎಲ್ಲರಿಗೂ ಬಾಯಿಪಾಠ: ಅಡುಗೆಯವನು ಪಕ್ಕದ ಹೋಟೆಲಿನಲ್ಲಿ ಉಣ್ಣಬಾರದು, ಹಾಸಿಗೆಯವನಿಗೆ ಬೆನ್ನು ನೋಯಬಾರದು. ಮೆತ್ತಗಣ್ಣನಿಗಿಂತ ಮುಂಚೆ ಇದ್ದ ಮಾರಾಟಗಾರ ಒಂದು ದಿನ ಗಿರಾಕಿಯ ಮುಂದೆ ಸೊಂಟ ಹಿಡಿದುಕೊಂಡಿದ್ದ. ಮರುದಿನ ಅವನನ್ನು ಗೋದಾಮಿನ ಕಾವಲಿಗೆ ಹಾಕಿದರು. ಅದರ ಮರುದಿನ ಅವನನ್ನು ಹೊರಗೆ ಬಿಟ್ಟು ಗೋದಾಮಿಗೆ ಬೀಗ ಹಾಕಿದರು.

ಸಾಹುಕಾರರಿಗೆ ಇನ್ನೊಂದು ಅಭ್ಯಾಸ. ಒಳ್ಳೆಯ ಮಾರಾಟವಾದರೆ ಬಂದು ಬೆನ್ನು ತಟ್ಟುವುದು. ಉಳಿದ ನೌಕರರು ಬೆನ್ನು ತಟ್ಟಿಸಿಕೊಳ್ಳಲು ಹಾತೊರೆಯುತ್ತಿದ್ದರೆ ಮೆತ್ತಗಣ್ಣ ದೊಡ್ಡ ವ್ಯಾಪಾರವಾದ ಕೂಡಲೇ ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದ. ಎಷ್ಟು ವಿನಯವಂತ ನೋಡಿ ಎಂದು ಸಾಹುಕಾರರು ಗಿರಾಕಿಗಳಿಗೆ ಹೇಳುತ್ತಿದ್ದರು.

ಹೆಂಡತಿಗೂ ಹೇಳುವಂತಿರಲಿಲ್ಲ. ಅವಳು ಪಾಪದವಳು, ಆದರೆ ಅಣ್ಣನಿಗೆ ಹೇಳದ ಸುದ್ದಿ ಅವಳ ಬಾಯಲ್ಲಿ ಹುಳಿಯುತ್ತಿತ್ತು. ಹಾಗಾಗಿ ಮೆತ್ತಗಣ್ಣ ಗುಟ್ಟಾಗಿ ಮಾತ್ರೆ ನುಂಗತೊಡಗಿದ. ಬೆಳಿಗ್ಗೆ ಒಂದು ಸಣ್ಣದು, ಸಂಜೆ ಒಂದು ದೊಡ್ಡದು. ಛಂದಸ್ಸು ಓದಿದವರ ಲೆಕ್ಕದಲ್ಲಿ ಒಂದು ಲಘು, ಒಂದು ಗುರು, ಒಟ್ಟು ಮೂರು ಮಾತ್ರೆ. ಬದುಕು ಪದ್ಯದ ಹಾಗೆ ಸಾಗಿತ್ತು. ಕೊನೆಗೆ ಡಾಕ್ಟರು ರಕ್ತ ಪರೀಕ್ಷೆಯ ಕಾಗದ ನೋಡಿ ಕನ್ನಡಕ ತೆಗೆದರು. ಡಾಕ್ಟರು ಕನ್ನಡಕ ತೆಗೆದರೆ ಒಳ್ಳೆಯದಲ್ಲ ಎಂಬುದು ಮೆತ್ತಗಣ್ಣನಿಗೆ ಗೊತ್ತಿತ್ತು.

“ನಿಮ್ಮ ಕಿಡ್ನಿ ಸುಸ್ತಾಗಿದೆ,” ಎಂದರು ಡಾಕ್ಟರು. “ಇನ್ನು ಈ ಮಾತ್ರೆ ನುಂಗಿದ್ರೆ ನೋವು ಹೋಗುತ್ತೆ, ಅದರ ಜೊತೆ ನೀವೂ ಹೋಗ್ತೀರಿ.”

ಮಾತ್ರೆ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ತಾನೇ ಹೋಗುತ್ತಾನೆ. ಮೆತ್ತಗಣ್ಣನ ಮುಖ ಗವಸಿಲ್ಲದ ತಲೆದಿಂಬಿನಂತಾಯಿತು. ಡಾಕ್ಟರಿಗೇ ಕನಿಕರ ಬಂದು, ಮಾತ್ರೆಯಿಲ್ಲದೆ ನೋವಿನ ಜೊತೆ ಬದುಕುವುದನ್ನು ಕಲಿಸುವ ಮೇಡಂ ಒಬ್ಬರು ಮಹಡಿಯ ಮೇಲಿದ್ದಾರೆ, ಹೋಗಿ ಎಂದರು. ಬೆನ್ನುನೋವಿನವರಿಗೆ ಮಹಡಿ ಹತ್ತಿಸಿ ಪಾಠ ಹೇಳುವ ಆಸ್ಪತ್ರೆ ಅದು. ಮೆತ್ತಗಣ್ಣ ಕಂಬಿ ಹಿಡಿದು ಹತ್ತಿದ.

ಮೇಡಂ ಬೆಳ್ಳಗಿನ ಕೋಣೆಯಲ್ಲಿ ತಣ್ಣಗಿನ ದನಿಯಲ್ಲಿ ಮಾತಾಡುವವರು. ಅವರು ಮಾತಾಡಿದರೆ ಫ್ಯಾನು ಕೂಡ ನಿಧಾನ ತಿರುಗುತ್ತದೆ ಅನ್ನಿಸುತ್ತಿತ್ತು. ಎಲ್ಲವನ್ನೂ ಕೇಳಿಸಿಕೊಂಡು, ನೋವು ಸುಳ್ಳಲ್ಲ, ಬೆನ್ನಲ್ಲಿ ನಿಜವಾಗಿಯೂ ಇದೆ, ಆದರೆ ಅದು ಇದ್ದದ್ದಕ್ಕಿಂತ ದುಪ್ಪಟ್ಟಾಗಿದೆ ಎಂದು ವಿವರಿಸಿದರು. ದುಪ್ಪಟ್ಟು ಮಾಡಿದ್ದು ಯಾರು ಎಂದು ಮೆತ್ತಗಣ್ಣ ಕೇಳಿದ. ಮೇಡಂ ಮುಂದೆ ಬಾಗಿ ಮೆಲ್ಲಗೆ ಹೇಳಿದರು.

“ನಿಮ್ಮ ಭಾವನೆ.”

ಇಲ್ಲಿ ಕನ್ನಡ ಭಾಷೆಯ ಮೇಲೆ ಒಂದು ದೂರು ದಾಖಲಿಸಬೇಕಾಗುತ್ತದೆ. ಭಾವನೆ ಎಂದರೆ ಒಂದು, ಭಾವನೇ ಎಂದರೆ ಇನ್ನೊಂದು. ನಡುವೆ ಇರುವುದು ಒಂದು ದೀರ್ಘ ಮಾತ್ರ. ಮೇಡಂ ಅವರದು ಮೊದಲೇ ಎಳೆದು ಮಾತಾಡುವ ದನಿ. ಮೆತ್ತಗಣ್ಣನಿಗೆ ಕೇಳಿಸಿದ್ದು ಎರಡನೆಯದು. ಅವನು ಬಾಗಿಲ ಕಡೆ ನೋಡಿಕೊಂಡ.

“ನಿಮಗೆ ಗೊತ್ತಾ ಮೇಡಂ?”

“ಅಯ್ಯೋ, ಎಲ್ಲರಿಗೂ ಇರೋದೇ ಅಲ್ವಾ.”

“ಇರ್ತಾರೆ, ಇರ್ತಾರೆ. ನಮ್ಮದು ಸ್ವಲ್ಪ ದೊಡ್ಡ ಗಾತ್ರ.”

“ದೊಡ್ಡದಾಗೇ ಅನ್ಸುತ್ತೆ. ಇಷ್ಟು ವರ್ಷ ನೀವು ಅದುಮಿಟ್ಟಿದೀರಿ ಅದಕ್ಕೆ.”

“ಅಯ್ಯಯ್ಯೋ, ನಾನೆಲ್ಲಿ ಮೇಡಂ ಅದುಮೋದು. ಅವರೇ ನನ್ನನ್ನ.”

ಮೇಡಂಗೆ ಸಂತೋಷವಾಯಿತು. ಇಷ್ಟು ಬೇಗ ಒಪ್ಪಿಕೊಂಡ ರೋಗಿ ಅವರಿಗೆ ಸಿಕ್ಕಿರಲಿಲ್ಲ. ಅವರು ಉಪಾಯ ಹೇಳಿಕೊಟ್ಟರು. ನೋವು ಏಳುತ್ತಲೇ ಕಣ್ಣು ಮುಚ್ಚಿ, ಬಂದದ್ದನ್ನು ಎದುರಿಗೆ ಕಲ್ಪಿಸಿಕೊಳ್ಳಬೇಕು. ಓಡಿಸಬಾರದು, ಜಗಳವಾಡಬಾರದು. “ಬಂದೆಯಾ, ಬಾ, ಕೂತ್ಕೋ” ಅನ್ನಬೇಕು. ಉಸಿರನ್ನು ನಿಧಾನ ಎಳೆದು ಅದಕ್ಕಿಂತ ನಿಧಾನ ಬಿಡಬೇಕು. ಕುತ್ತಿಗೆ, ಭುಜ, ಸೊಂಟ ಎಂದು ಒಂದೊಂದೇ ಭಾಗ ಸಡಿಲ ಮಾಡುತ್ತ, ಪೂರ್ತಿ ಮಲಗಿಬಿಡದೆ, ಪೂರ್ತಿ ದುಡಿದು ದಣಿಯದೆ, ಸ್ವಲ್ಪ ಸ್ವಲ್ಪ ನಡೆದಾಡುತ್ತ ತನ್ನ ಕೆಲಸ ತಾನು ಮಾಡುತ್ತಿರಬೇಕು. ಮರ್ಯಾದೆ ಸಿಕ್ಕರೂ ಉಪಚಾರ ಸಿಗದ ನೆಂಟ ಎಷ್ಟು ಹೊತ್ತು ಕೂರುತ್ತಾನೆ? ಎದ್ದು ಹೋಗುತ್ತಾನೆ.

ನೆಂಟ ಎಂಬ ಮಾತು ಅವರ ಬಾಯಿಂದಲೇ ಬಂದ ಮೇಲೆ ಮೆತ್ತಗಣ್ಣನಿಗೆ ಇದ್ದ ಅರೆಕಾಸಿನ ಅನುಮಾನವೂ ಉಳಿಯಲಿಲ್ಲ. ಮೆಟ್ಟಿಲಿಳಿಯುತ್ತ ಅವನು ಯೋಚಿಸಿದಷ್ಟೂ ಮೇಡಂ ಸರ್ವಜ್ಞೆಯಾಗಿ ಕಂಡರು. ನೋವು ಎಂದರೆ ಭಾವನೇ ಸರಿ. ಹೇಳದೆ ಬರುತ್ತದೆ. ಬಂದರೆ ಹೋಗುವುದಿಲ್ಲ. ಬೆನ್ನ ಮೇಲೆ ಕೂತು ಸವಾರಿ ಮಾಡುತ್ತದೆ. ಹೊರಗೆ ಹಾಕುವಂತಿಲ್ಲ, ಹಾಕಿದರೆ ಹೆಂಡತಿ ಅಳುತ್ತಾಳೆ.

ಮರುದಿನ ಬೆಳಿಗ್ಗೆ ಮಾತ್ರೆಯಿಲ್ಲದ ಮೊದಲ ಬೆಳಗು. ಮಂಚದ ಅಂಚಿನಲ್ಲಿ ಕೂತ ಮೆತ್ತಗಣ್ಣ ಕಾಲುಚೀಲವನ್ನೇ ನೋಡುತ್ತಿದ್ದ. ಕಾಲು ಅಲ್ಲಿತ್ತು, ಚೀಲ ಇಲ್ಲಿತ್ತು, ನಡುವೆ ಇಡೀ ಭೂಮಂಡಲ. ತಂತಿ ಕಾಯುತ್ತಿರುವುದು ಗೊತ್ತಾಯಿತು. ಬೆವರು ಹಣೆಯಿಂದ ಮೂಗಿಗೆ ಇಳಿಯಿತು, ಒರೆಸಿಕೊಳ್ಳಲು ಕೈಯೆತ್ತಲೂ ಹೆದರಿಕೆ. ಹೆಂಡತಿ ಬರುವುದರೊಳಗೆ ಗೋಡೆ ಹಿಡಿದು ಬಚ್ಚಲುಮನೆ ಸೇರಿ, ಚಿಲಕ ಹಾಕಿ, ನಲ್ಲಿ ಬಿಟ್ಟು, ಕಣ್ಣು ಮುಚ್ಚಿದ. ಎದುರಿಗೆ ಸಾಹುಕಾರ ಭಾವ ಬಂದು ನಿಂತರು. ಅಂಗಡಿಯಲ್ಲಿ “ಬನ್ನಿ, ಕೂತ್ಕೊಳ್ಳಿ” ಎಂದು ನಡು ಬಗ್ಗಿಸಿ ಅಭ್ಯಾಸವಾದ ನಾಲಿಗೆ, ಮೇಡಂ ಕಲಿಸಿದ ಏಕವಚನಕ್ಕೆ ಹೊರಳಲು ತುಸು ಹೆಣಗಿತು. ಹೊರಳಿದ ಮೇಲೆ ಮಾತ್ರ ನಿಲ್ಲಲಿಲ್ಲ.

“ಬಂದೆಯಾ ಭಾವ? ಬಾ, ಕೂತ್ಕೋ. ಇಷ್ಟು ದಿನ ಮಾತ್ರೆ ಹಾಕಿ ಹಾಕಿ ನಿನ್ನ ಮಲಗಿಸ್ತಿದ್ದೆ. ತಪ್ಪಾಯ್ತು. ಇನ್ನು ಮಾತ್ರೆ ಇಲ್ಲ. ಇನ್ನೇನಿದ್ರೂ ನೀನು, ನಾನು, ಎದುರಾಎದುರು.”

ಉಸಿರು ಎಳೆದ, ಬಿಟ್ಟ. ಭುಜ ಇಳಿಯಿತು. ತಂತಿ ಆರಲಿಲ್ಲ, ಆದರೆ ಕೆಂಪಗಿದ್ದದ್ದು ಸ್ವಲ್ಪ ಮಂಕಾಯಿತು. ಮೆತ್ತಗಣ್ಣ ಅಚ್ಚರಿಯಿಂದ ಇನ್ನೊಂದು ಸಲ ಹೇಳಿದ, ಈ ಸಲ ತುಸು ಗಟ್ಟಿಯಾಗಿ. ಬೆನ್ನ ಹಿಂದೆ ಮಾತಾಡುವವರನ್ನು ನಾವು ದಿನವೂ ನೋಡುತ್ತೇವೆ. ಬೆನ್ನಿನ ಜೊತೆಗೇ ಮಾತಾಡಿದವನು ಬಹುಶಃ ಇವನೊಬ್ಬನೇ.

ಬಚ್ಚಲಿನ ಗೋಡೆಯ ಆಚೆ ಟೆಲಿಫೋನಮ್ಮನ ಅಡುಗೆಮನೆ. ಈ ತಾಯಿ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಕೂತು ಊರಿನವರ ಕರೆಗಳನ್ನು ಒಬ್ಬರಿಂದೊಬ್ಬರಿಗೆ ಸೇರಿಸಿ ನಿವೃತ್ತರಾದವರು. ಆಗ ಕರೆ ಸೇರಿಸುತ್ತಿದ್ದರು, ಈಗ ಒಂದು ಮಾತಿಗೆ ಇನ್ನೊಂದು ಸೇರಿಸುತ್ತಾರೆ, ಅಷ್ಟೇ ವ್ಯತ್ಯಾಸ. ಆ ದಿನ ಮಾತ್ರ ಅವರು ಏನನ್ನೂ ಸೇರಿಸುವ ಅಗತ್ಯವಿರಲಿಲ್ಲ. ಗೋಡೆಗೆ ಲೋಟ ಹಚ್ಚಿ ಕೇಳಿಸಿಕೊಂಡದ್ದು ತಾನೇ ತಾನಾಗಿ ಸಂಪೂರ್ಣವಾಗಿತ್ತು. ಮೆತ್ತಗಣ್ಣನ ಹೆಂಡತಿಗೆ ಹೇಳೋಣವೆಂದರೆ ಪಾಪ, ಕಟ್ಟಿಕೊಂಡ ಗಂಡ. ಅವರು ನೇರವಾಗಿ ಅಂಗಡಿಗೆ ಫೋನು ತಿರುಗಿಸಿದರು. ದನಿ ತಾನಾಗಿ ಹಳೆಯ ಉದ್ಯೋಗಕ್ಕೆ ಮರಳಿತು.

“ಹಲೋ, ಸಾಹುಕಾರರಿಗೆ ಕೊಡಿ. ನೀವೇ ಮಾತಾಡ್ತಿದೀರಾ? ದಯವಿಟ್ಟು ಲೈನಿನಲ್ಲೇ ಇರಿ. ನಿಮ್ಮ ಪ್ರಾಣಕ್ಕೆ ಸಂಬಂಧಪಟ್ಟ ಕರೆ.”

ಸಾಹುಕಾರರು ಲೈನಿನಲ್ಲೇ ಇದ್ದರು. ಕೇಳುತ್ತ ಕೇಳುತ್ತ ಅವರ ಮೈ ಕುರ್ಚಿಯೊಳಗೆ ಇಳಿಯಿತು. ಮಾತ್ರೆ ಹಾಕಿ ಮಲಗಿಸುತ್ತಿದ್ದನಂತೆ. ಅವರಿಗೆ ಒಂದು ಸಂಗತಿ ನೆನಪಾಯಿತು. ಮಧ್ಯಾಹ್ನ ಮೆತ್ತಗಣ್ಣ ತಂದುಕೊಡುವ ಚಹಾ ಕುಡಿದ ಮೇಲೆ ಅವರಿಗೆ ದಿನವೂ ತಡೆಯಲಾರದ ನಿದ್ದೆ ಬರುತ್ತಿತ್ತು. ಅದಕ್ಕೆ ಕಾರಣ ಬೇರೆಯೇ ಇತ್ತು, ಆ ಕಾರಣ ಅವರೊಬ್ಬರಿಗೇ ಗೊತ್ತಿತ್ತು. ಆದರೆ ಹೆದರಿದವನಿಗೆ ತನಗೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ.

ಅವರು ತಂಗಿಗೆ ಫೋನು ಮಾಡಿ, ಏನೂ ಆಗದವರಂತೆ, ನಿನ್ನ ಗಂಡ ನನ್ನ ವಿಷಯ ಮನೆಯಲ್ಲಿ ಮಾತಾಡುತ್ತಾನಾ ಎಂದು ಕೇಳಿದರು. ತಂಗಿ ನಕ್ಕಳು. ನಿನ್ನ ಮೇಲೆ ಅವರಿಗೆ ಎಷ್ಟು ಪ್ರಾಣ ಗೊತ್ತಾ ಅಣ್ಣ, ನಿದ್ದೆಯಲ್ಲೂ ನಿನ್ನದೇ ಜಪ, ನಿನ್ನೆ ರಾತ್ರಿ “ಭಾವ, ಇಳಿ, ಇಳಿಯೋ ಮಾರಾಯ” ಎಂದು ಕನವರಿಸುತ್ತಿದ್ದರು ಎಂದಳು. ಸಾಹುಕಾರರು ಮಾತ್ರೆ ಗೀತ್ರೆ ಏನಾದರೂ ಕಂಡೆಯಾ ಎಂದರು. ಅಂಗಿ ಒಗೆಯುವಾಗ ಜೇಬಿನಲ್ಲಿ ಬೆಳ್ಳಿ ಬಣ್ಣದ ಒಂದು ಮಾತ್ರೆ ಹಾಳೆ ಸಿಕ್ಕಿತ್ತು, ಪೂರ್ತಿ ಖಾಲಿ ಎಂದಳು ತಂಗಿ.

“ಪೂರ್ತಿ ಖಾಲಿನಾ?”

“ಒಂದೂ ಇರ್ಲಿಲ್ಲಣ್ಣ. ಯಾಕೆ, ನಿಂಗೆ ಬೇಕಿತ್ತಾ?”

ಸಾಹುಕಾರರು ಫೋನು ಇಟ್ಟು ಹೊಟ್ಟೆ ಸವರಿಕೊಂಡರು. ಹಾಳೆಯ ಮಾತ್ರೆಯೆಲ್ಲ ಈಗ ಎಲ್ಲಿದೆ ಎಂಬುದು ಅವರಿಗೆ ಸ್ಪಷ್ಟವಾಗಿತ್ತು.

ಅಂದಿನಿಂದ ಅಂಗಡಿಯಲ್ಲಿ ಎರಡು ಹೆದರಿಕೆಗಳು ಎದುರುಬದುರು ಓಡಾಡತೊಡಗಿದವು. ಮೆತ್ತಗಣ್ಣ ಚಹಾ ತಂದರೆ ಸಾಹುಕಾರರು ಮೊದಲು ನೀನು ಕುಡಿ ಭಾವ ಎನ್ನುವರು. ಇಷ್ಟು ವರ್ಷ ಇಲ್ಲದ ಪ್ರೀತಿ ಈಗೇಕೆ, ಕೆಲಸದಿಂದ ತೆಗೆಯುವ ಮೊದಲು ಹೀಗೆಯೇ ಉಪಚಾರ ಮಾಡುತ್ತಾರೆ ಎಂದು ಮೆತ್ತಗಣ್ಣನ ಕೈ ನಡುಗಿ ಬಸಿಯಲ್ಲಿ ಚಹಾ ಚೆಲ್ಲುವುದು. ಕೈ ನಡುಗಿತಲ್ಲ, ಆಯಿತು, ಬೆರೆಸಿದ್ದಾನೆ ಎಂದು ಸಾಹುಕಾರರು ಚಹಾವನ್ನು ಕುಂಡದ ಗಿಡಕ್ಕೆ ಹೊಯ್ಯುವರು. ದಿನವೂ ಬಿಸಿ ಚಹಾ ಕುಡಿದ ಆ ಗಿಡ ವಾರದೊಳಗೆ ತಲೆಬಾಗಿತು. ಸಾಹುಕಾರರಿಗೆ ಇನ್ನಾವ ಸಾಕ್ಷಿ ಬೇಕಿರಲಿಲ್ಲ.

ಆದರೆ ವಿಚಿತ್ರವೆಂದರೆ ಆ ವಾರದಲ್ಲಿ ಮೆತ್ತಗಣ್ಣ ನಿಜವಾಗಿಯೂ ಕಲಿಯುತ್ತಿದ್ದ. ಭಾವಂದಿರನ್ನು ಸಂಭಾಳಿಸುವುದರಲ್ಲಿ ಅವನಿಗೆ ಹಳೆಯ ಅನುಭವ. ಮಂಡಿ ಮಡಚಿ ಮಲಗಿ, ಪಕ್ಕಕ್ಕೆ ಹೊರಳಿ ಏಳುವುದನ್ನು ಮೇಡಂ ಹೇಳಿಕೊಟ್ಟಿದ್ದರು. ಗಿರಾಕಿಗೆ ಅದು ಹೊಸ ಶೈಲಿಯಂತೆ ಕಂಡು ಕೆಲವರು ತಾವೂ ಹಾಗೇ ಹೊರಳಿ ಎದ್ದರು. ನೋವು ಬಂದಾಗ ತುಟಿ ಅಲುಗಿಸಿ “ಕೂತ್ಕೋ ಭಾವ” ಎನ್ನುವನು. ಭಾವ ಕೂರುವನು. ಕೆಲವು ಸಲ ತಾಸುಗಟ್ಟಲೆ ಕೂರುವನು. ಆಗ ಮೆತ್ತಗಣ್ಣನ ಕಣ್ಣಲ್ಲಿ ನೀರು ನಿಲ್ಲುತ್ತಿತ್ತು, ದಿಂಬಿನ ಗವಸು ಬದಲಿಸುವ ನೆಪದಲ್ಲಿ ಗೋದಾಮಿಗೆ ಹೋಗಿ ನಿಲ್ಲುತ್ತಿದ್ದ. ಇದು ಜೀವನಪರ್ಯಂತವೇ ಎಂಬ ಯೋಚನೆ ಬಂದರೆ ಹಳೆಯ ಮಾತ್ರೆ ಅಡಗಿಸಿಟ್ಟಿದ್ದ ದಿಂಬಿನ ಕಡೆ ಕೈ ಹೋಗುತ್ತಿತ್ತು, ಕಿಡ್ನಿ ನೆನಪಾಗಿ ಹಿಂದೆ ಬರುತ್ತಿತ್ತು.

ಸಾಹುಕಾರರು ಠಾಣೆಗೆ ಹೋದರು. ದಫೇದಾರರು ಎಲ್ಲವನ್ನೂ ಕೇಳಿ, ಸತ್ತಿದ್ದರೆ ಸುಲಭವಿತ್ತು, ಸಾಯದೆ ಬಂದಿದ್ದೀರಿ ಎಂದು ಬೇಸರಪಟ್ಟುಕೊಂಡರು. ಆದರೂ ಕರ್ತವ್ಯ. ಮರುದಿನ ಸಾದಾ ಉಡುಪಿನಲ್ಲಿ ಗಿರಾಕಿಯಾಗಿ ಬಂದು ನೋಡುತ್ತೇನೆ ಎಂದರು. ಸಾದಾ ಉಡುಪೆಂದರೆ ಮೇಲೆ ಹೂವಿನ ಅಂಗಿ, ಕೆಳಗೆ ಅದೇ ಠಾಣೆಯ ಬೂಟು.

ಆ ಬೂಟು ಅಂಗಡಿಯೊಳಗೆ ಬಂದಾಗ ಮೆತ್ತಗಣ್ಣನ ಬೆನ್ನು ಬೆಳಗಿನಿಂದಲೇ ಕೆಟ್ಟಿತ್ತು. ದಫೇದಾರರು ಮೂಲೆಯ ಅತಿ ದಪ್ಪನೆಯ ಹಾಸಿಗೆಗೆ ಬೆರಳು ತೋರಿಸಿದರು. ಸಾಹುಕಾರರು ಪಕ್ಕದಲ್ಲಿದ್ದ ದಿಂಬಿನ ರಾಶಿಯ ಹಿಂದೆ ಕುಕ್ಕರಗಾಲಿನಲ್ಲಿ ಅಡಗಿ ಕೂತಿದ್ದರು. ಕೌಂಟರಿನ ಹತ್ತಿರ ಟೆಲಿಫೋನಮ್ಮ ಒಂದು ಬೆಡ್‌ಶೀಟನ್ನು ಅರ್ಧ ತಾಸಿನಿಂದ ಮಡಚುತ್ತ ಬಿಚ್ಚುತ್ತ ನಿಂತಿದ್ದರು.

ಮೆತ್ತಗಣ್ಣ ಬೂಟು ಕಳಚಿ ಮಲಗಿದ. ನಗು ತಂದುಕೊಂಡ. ಏಳಬೇಕೆನ್ನುವಷ್ಟರಲ್ಲಿ ಕಾದ ತಂತಿ ಹಿಮ್ಮಡಿಯಿಂದ ಮೇಲಕ್ಕೆ ಹೊರಟಿತು. ಏಳಲಾಗಲಿಲ್ಲ. ಗಿರಾಕಿ ನೋಡುತ್ತಿದ್ದಾನೆ. ಬೋರ್ಡಿನ ಮೇಲಿನ ತನ್ನ ಮುಖ ನೆನಪಾಯಿತು. ಕಣ್ಣು ಮುಚ್ಚಿ, ಹಲ್ಲಿನ ನಡುವಿನಿಂದ ಮಾತಾಡಿದ.

“ಭಾವ, ಈಗ ಬೇಡ ಭಾವ. ಈ ಗಿರಾಕಿ ಒಬ್ಬ ಆಚೆ ಹೋಗ್ಲಿ. ಆಮೇಲೆ ನಿನ್ನ ಚೆನ್ನಾಗಿ ವಿಚಾರಿಸ್ಕೋತೀನಿ.”

ದಫೇದಾರರ ಹುಬ್ಬು ಮೇಲೇರಿತು. ವಿಚಾರಿಸಿಕೊಳ್ಳುವುದು ಎಂಬ ಪದಕ್ಕೆ ಮನೆಯಲ್ಲಿ ಒಂದು ಅರ್ಥ, ಠಾಣೆಯಲ್ಲಿ ಇನ್ನೊಂದು. ದಿಂಬಿನ ರಾಶಿಯ ಹಿಂದೆ ಸಾಹುಕಾರರು ದೀರ್ಘವಾಗಿ ಉಸಿರೆಳೆದರು. ಉಸಿರಿನ ಜೊತೆ ಒಂದು ಎಳೆ ಹತ್ತಿ ಮೂಗಿನೊಳಗೆ ಹೋಯಿತು.

ಆ ಸೀನನ್ನು ಬೀದಿಯ ಕೊನೆಯಲ್ಲೂ ಕೇಳಿದವರಿದ್ದಾರೆ. ದಿಂಬುಗಳು ಕುಸಿದವು. ಆ ರಾಶಿಯ ನಡುವೆ, ಕುಕ್ಕರಗಾಲಿನಿಂದ ಅರ್ಧ ಮೇಲಕ್ಕೆ ಎದ್ದ ಭಂಗಿಯಲ್ಲಿ, ಸಾಹುಕಾರರು ಕಲ್ಲಾಗಿ ನಿಂತಿದ್ದರು. ಏಳಲೂ ಇಲ್ಲ, ಕೂರಲೂ ಇಲ್ಲ. ಒಂದು ಕೈ ಸೊಂಟದ ಮೇಲೆ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಆಮೇಲೆ ಮೆಲ್ಲಗೆ ಒಂದು ಮಗ್ಗುಲಿಗೆ ಉರುಳಿದರು.

“ವಿಷ ಏರಿತು,” ಎಂದು ಟೆಲಿಫೋನಮ್ಮ ಬೆಡ್‌ಶೀಟು ಕೆಳಗೆ ಹಾಕಿದರು. ದಫೇದಾರರು ಹೂವಿನ ಅಂಗಿಯೊಳಗಿನಿಂದ ಸೀಟಿ ಹುಡುಕುತ್ತ, ಯಾರೂ ಅಲುಗಬಾರದು ಎಂದು ಅಪ್ಪಣೆ ಕೊಡಿಸಿದರು. ಅಲುಗಬೇಕೆಂದರೂ ಅಲುಗಲಾಗದವರಿಬ್ಬರು ಅಲ್ಲೇ ಮಲಗಿದ್ದರು.

ಉರುಳುವಾಗ ಸಾಹುಕಾರರ ಜೇಬಿನಿಂದ ಒಂದು ಹಾಳೆ ಜಾರಿ ನೆಲಕ್ಕೆ ಬಿದ್ದಿತ್ತು. ಮೆತ್ತಗಣ್ಣ ಕತ್ತು ತಿರುಗಿಸಿ ನೋಡಿದ. ಅದೇ ಬೆಳ್ಳಿ ಬಣ್ಣ. ಅದೇ ಮಾತ್ರೆ. ಒಂದು ಲಘು, ಒಂದು ಗುರು. ಬಾಗಿಲಗಲದ ಭಾವನಿಗೆ ಮಧ್ಯಾಹ್ನದ ನಿದ್ದೆ ಎಲ್ಲಿಂದ ಬರುತ್ತಿತ್ತು ಎಂಬುದು, ಬೆನ್ನು ತಟ್ಟುವ ಆ ಮನುಷ್ಯ ತನ್ನ ಬೆನ್ನನ್ನು ಯಾರಿಗೂ ಏಕೆ ತಟ್ಟಗೊಡುತ್ತಿರಲಿಲ್ಲ ಎಂಬುದು ಅವನಿಗೆ ಥಟ್ಟನೆ ಹೊಳೆಯಿತು.

ಈಗ ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ಸಾಹುಕಾರರ ಮುಖವೋ ಬೂದಿಯಾಗಿತ್ತು, ಕಣ್ಣಗುಡ್ಡೆ ಮಾತ್ರ ಅತ್ತಿತ್ತ ಓಡುತ್ತಿತ್ತು. ಆ ನೋಟ ಮೆತ್ತಗಣ್ಣನಿಗೆ ಗೊತ್ತಿದ್ದದ್ದು. ದಿನವೂ ಬಚ್ಚಲಿನ ಕನ್ನಡಿಯಲ್ಲಿ ಕಾಣುತ್ತಿದ್ದದ್ದು. ಅವನು ಮಂಡಿ ಮಡಚಿ, ಪಕ್ಕಕ್ಕೆ ಹೊರಳಿ, ಹಾಸಿಗೆಯಿಂದ ನೆಲಕ್ಕೆ ಇಳಿದ. ಅಂಗಡಿಯವರೆಲ್ಲರ ಮುಂದೆ, ಕದ್ದುಮುಚ್ಚದೆ, ಅಮ್ಮಾ ಎಂದು ನರಳಿದ. ಸಾಹುಕಾರರ ಪಕ್ಕ ನೆಲದ ಮೇಲೆ ಮಲಗಿ ಅವರ ಕಿವಿಗೆ ಬಾಯಿಟ್ಟ.

“ಭಾವ, ಹೆದರ್ಬೇಡಿ. ಭಾವ ಬಂದಿದಾನೆ.”

ಸಾಹುಕಾರರ ಕಣ್ಣು ಇನ್ನೂ ದೊಡ್ಡದಾಯಿತು. “ಯಾವ ಭಾವ? ನೀನು ಬರ್ಬೇಡ. ದೂರ ಹೋಗು.”

“ನಾನಲ್ಲ. ನಿಮ್ಮ ಬೆನ್ನಲ್ಲಿ ಕೂತಿರೋನು. ಓಡಿಸ್ಬೇಡಿ, ಬಿಗಿ ಹಿಡೀಬೇಡಿ. ಬಾ, ಕೂತ್ಕೋ ಅನ್ನಿ. ಉಸಿರು ಮೆಲ್ಲಗೆ ಬಿಡಿ. ನನ್ನ ಬೆನ್ನಲ್ಲೂ ಒಬ್ಬ ಇದಾನೆ, ವರ್ಷಗಳಿಂದ. ಮಾತ್ರೆ ಹಾಕಿ ಮಲಗಿಸ್ತಿದ್ದೆ. ಡಾಕ್ಟ್ರು ಬಿಡಿಸಿದ್ರು.”

ಮಾತ್ರೆ, ಮಲಗಿಸುವುದು, ಇಳಿ ಮಾರಾಯ, ಎದುರಾಎದುರು ಎಲ್ಲವೂ ಸಾಹುಕಾರರ ತಲೆಯಲ್ಲಿ ಒಂದೊಂದಾಗಿ ಮಗ್ಗುಲು ಬದಲಿಸಿದವು. ಕೊನೆಗೆ ಮೆಲುದನಿಯಲ್ಲಿ ಕೇಳಿದರು.

“ಕೂತ್ಕೋ ಅಂದ್ರೆ ಕೂರ್ತಾನಾ?”

“ಕೂರ್ತಾನೆ. ಹೋಗ್ತಾನೆ ಅಂತ ಮಾತು ಕೊಡಕ್ಕಾಗಲ್ಲ. ಆದ್ರೆ ಕುಣಿಯೋದು ನಿಲ್ಲಿಸ್ತಾನೆ.”

ಊರಿನ ಗಾದಿಪತಿ ಕಣ್ಣು ಮುಚ್ಚಿ, ದಿಂಬಿನ ನಡುವೆ ಬಿದ್ದುಕೊಂಡು, “ಬಾ ಭಾವ, ಕೂತ್ಕೋ” ಎಂದರು. ಉಸಿರು ಬಿಟ್ಟರು. ಮತ್ತೆ ಎಳೆದು ಮತ್ತೆ ಬಿಟ್ಟರು. ಮೆತ್ತಗಣ್ಣ ಭುಜ ಎಂದರೆ ಭುಜ ಸಡಿಲ ಬಿಟ್ಟರು, ದವಡೆ ಎಂದರೆ ದವಡೆ. ಅಂಗಡಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಟೆಲಿಫೋನಮ್ಮ ಕೂಡ, ವೃತ್ತಿಜೀವನದಲ್ಲಿ ಮೊದಲ ಬಾರಿಗೆ, ಲೈನು ಖಾಲಿ ಬಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ಸಾಹುಕಾರರ ಮುಖಕ್ಕೆ ಬಣ್ಣ ಬಂತು. ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಮೆತ್ತಗಣ್ಣ ತೋರಿಸಿದ ಹಾಗೆಯೇ ಎದ್ದು ಕೂತರು.

ದಫೇದಾರರು ಸೀಟಿಯನ್ನು ಜೇಬಿಗೆ ಹಾಕಿ, ಗಂಟಲು ಸರಿಮಾಡಿಕೊಂಡು, ಮೆತ್ತಗಣ್ಣನ ಹತ್ತಿರ ಬಗ್ಗಿದರು.

“ನನಗೆ ಮೊಣಕಾಲು. ಮೊಣಕಾಲಿಗೂ ಭಾವನೇನಾ?”

“ಹಾಗೇನಿಲ್ಲ ಸಾರ್. ನಿಮಗೆ ಮನೇಲಿ ಯಾರಂದ್ರೆ ಹೆದರಿಕೆ?”

ದಫೇದಾರರು ಹಿಂದೆ ಮುಂದೆ ನೋಡಿ, ಟೆಲಿಫೋನಮ್ಮನಿಗೆ ಕೇಳದಂತೆ, “ನಮ್ಮತ್ತೆ” ಎಂದರು.

“ಹಾಗಾದ್ರೆ ಅತ್ತೆ.”

ದಫೇದಾರರು ಮೊಣಕಾಲು ಸವರಿಕೊಂಡು, ಕೈ ಮುಗಿದು, “ಬನ್ನಿ ಅತ್ತೆ, ಕೂತ್ಕೊಳ್ಳಿ” ಎಂದರು. ಅತ್ತೆಗೆ ಏಕವಚನ ಹಾಕುವ ಧೈರ್ಯ ಅವರಿಗೆ ಬೆನ್ನಿಗೆ ಬಂದೂಕು ಇಟ್ಟರೂ ಬರುವಂತಿರಲಿಲ್ಲ.

ಮರುವಾರ ಭಾವಂದಿರಿಬ್ಬರೂ ಒಬ್ಬರ ಬೆನ್ನಿಗೆ ಒಬ್ಬರು ನಿಂತು ಮೇಡಂ ಇದ್ದ ಮಹಡಿ ಹತ್ತಿದರು. ಮೆತ್ತಗಣ್ಣ ನಡೆದದ್ದನ್ನು ಹೇಳುತ್ತಿದ್ದ ಹಾಗೆ ಮೇಡಂ ಮುಖದ ತಣ್ಣನೆಯ ಶಾಂತಿ ಒಂದೊಂದು ಕಡೆ ಬಿರುಕು ಬಿಟ್ಟಿತು. ಅಲ್ಲ, ನಾನು ಹೇಳಿದ್ದು ಅದಲ್ಲ, ನೀವು ಪೂರ್ತಿ ತಪ್ಪು ತಿಳಿದಿದ್ದೀರಿ ಎಂದರು.

“ನೋವಿಗೆ ಕಾರಣ ನಿಮ್ಮ ಭಾವನೆ ಅಂದೆ. ಭಾವನೆ.”

“ಅದೇ ಮೇಡಂ,” ಎಂದ ಮೆತ್ತಗಣ್ಣ ಸಾಹುಕಾರರ ಕಡೆ ಕೈ ತೋರಿಸಿ. “ಭಾವನೇ.”

“ನನಗೂ ಭಾವನೇ,” ಎಂದರು ಸಾಹುಕಾರರು ಮೆತ್ತಗಣ್ಣನ ಕಡೆ ಕೈ ತೋರಿಸಿ.

ಮೇಡಂ ಅವರಿಬ್ಬರನ್ನೂ ನೋಡಿದರು. ಒಬ್ಬ ಮಾತ್ರೆ ಬಿಟ್ಟು ನಡೆದಾಡುತ್ತಿದ್ದಾನೆ, ಇನ್ನೊಬ್ಬ ಮಾತ್ರೆ ಬಿಡಿಸಿ ಎಂದು ಬಂದಿದ್ದಾನೆ. ಅವರು ವ್ಯಾಕರಣವನ್ನು ಕೈಬಿಟ್ಟು ರೋಗಿಯನ್ನು ಉಳಿಸಿಕೊಂಡರು.

ಮೆತ್ತಗಣ್ಣನ ಕೆಲಸ ಉಳಿಯಿತು. ಸಾಹುಕಾರರು ಅದನ್ನು ದಯೆಯೆಂದು ಹೇಳಿಕೊಳ್ಳುತ್ತಾರೆ, ಅವರ ಗುಟ್ಟಿನ ಭಯವೆಂದು ಟೆಲಿಫೋನಮ್ಮ ಸೇರಿಸುತ್ತಾರೆ. ಬೋರ್ಡಿನಲ್ಲಿ “ನೋವು ಮರೆತು” ಎಂಬುದರ ಮೇಲೆ ಬಣ್ಣ ಬಳಿದಿದ್ದಾರೆ. ಈಗ ಅಲ್ಲಿ “ಇಲ್ಲಿ ಮಲಗಿದವರು ಏಳುತ್ತಾರೆ” ಎಂದಷ್ಟೇ ಇದೆ. ಹಾಸಿಗೆ ಅಂಗಡಿ ಕೊಡಬಹುದಾದ ಪ್ರಾಮಾಣಿಕ ಭರವಸೆ ಅಷ್ಟೇ. ನೋವು ಹೋಗಿಲ್ಲ. ಮೋಡ ಕವಿದ ದಿನ ಮೆತ್ತಗಣ್ಣನಿಗೆ ಈಗಲೂ ಕಾಲುಚೀಲ ದೂರವಾಗುತ್ತದೆ, ಸೀನು ಬರುವ ಸೂಚನೆ ಸಿಕ್ಕರೆ ಇಬ್ಬರೂ ಒಟ್ಟಿಗೆ ಗೋಡೆ ಹಿಡಿಯುತ್ತಾರೆ.

ಆದರೆ ಅಂಗಡಿಯಲ್ಲಿ ಯಾರಾದರೂ ಗಟ್ಟಿಯಾಗಿ “ಭಾವ” ಎಂದು ಕರೆದರೆ ಈಗ ನಾಲ್ವರು ಓಗೊಡುತ್ತಾರೆ. ಅವರಲ್ಲಿ ಇಬ್ಬರಿಗೆ ಸಂಬಳವೂ ಇಲ್ಲ, ರಜೆಯೂ ಇಲ್ಲ.